ಉಣುಗು ಕಚ್ಚಿದರೆ ಸುಣ್ಣ ಹಚ್ಚಬೇಡಿ



ಮಳೆಗಾಲದಲ್ಲಿ ನಮಗೆ ಇಂಬಳದ ಕಾಟ. ಮಳೆ ಹೋಗಿ ದರಗು ಉದುರಲು ಶುರುವಾದರೆ ಉಣುಗಿನ ಕಾಟ. ಎರಡೂ ರಕ್ತ ಹೀರುತ್ತವೆ. ಹಾಗಾಗಿ ನಮ್ಮ ಕಡೆ ಎರಡಕ್ಕೂ ಒಂದೇ ಮದ್ದು ಮಾಡುತ್ತಾರೆ. ಸುಣ್ಣ ಹಚ್ಚು, ಹೊಗೆಸೊಪ್ಪು ತಿಕ್ಕು, ಸೀಮೆಎಣ್ಣೆ ಹಾಕು ಅಂತಾರೆ. ಆದರೆ ಇಂಬಳ ಬೇರೆ, ಉಣುಗು ಬೇರೆ. ಇಂಬಳಕ್ಕೆ ಮಾಡುವ ಮದ್ದನ್ನು ಉಣುಗಿಗೆ ಮಾಡಿದರೆ ಕೆಡುಕಾಗಬಹುದು. ಯಾಕೆ ಅಂತ ತಿಳಿಸುವುದಕ್ಕೇ ನಾನು ಈ ಲೇಖನ ಬರೆದಿದ್ದೇನೆ. ದಯವಿಟ್ಟು ಪೂರ್ತಿ ಓದಿರಿ.

ಉಣುಗು ಎಂದರೇನು?

ಇದನ್ನು ಕೆಲವರು ಉಣ್ಣೆ ಎಂದೂ ಕರೆಯುತ್ತಾರೆ. ನಾವೆಲ್ಲ ಇದು ಒಂದು ಕೀಟ ಎಂದುಕೊಂಡಿದ್ದೇವೆ. ಆದರೆ ಕೀಟಕ್ಕೆ ಆರು ಕಾಲು. ದನದ ಮೈಯಿಂದ ತೆಗೆದ ಉಣುಗನ್ನು ಭೂತಗನ್ನಡಿಯಲ್ಲಿ ನೋಡಿದಾಗ ನಾನು ಎಣಿಸಿದ್ದು ಎಂಟು ಕಾಲು. ಅಂದರೆ ಇದು ಜೇಡ, ಚೇಳುಗಳ ಬಳಗಕ್ಕೆ ಸೇರಿದ ಜೀವಿ.

ಇದಕ್ಕೆ ರೆಕ್ಕೆ ಇಲ್ಲ, ಹಾರಲು ಬರುವುದಿಲ್ಲ, ನೆಗೆಯಲೂ ಬರುವುದಿಲ್ಲ. ಹುಲ್ಲಿನ ಮತ್ತು ಎಲೆಯ ತುದಿಯಲ್ಲಿ ಮುಂಗಾಲು ಚಾಚಿಕೊಂಡು ಕಾಯುತ್ತಾ ಕೂತಿರುತ್ತದೆ. ಪ್ರಾಣಿಯೋ ಮನುಷ್ಯರೋ ತಾಗಿಕೊಂಡು ಹೋದರೆ ಅಂಟಿಕೊಳ್ಳುತ್ತದೆ.

ಉಣುಗಿನ ಬಾಳಿನಲ್ಲಿ ನಾಲ್ಕು ಹಂತ: ಮೊಟ್ಟೆ, ಆರು ಕಾಲಿನ ಮರಿ, ಎಂಟು ಕಾಲಿನ ಎಳೆಯ ಉಣುಗು, ದೊಡ್ಡ ಉಣುಗು. ದನದ ಕಿವಿಯಲ್ಲಿ ಕಾಣುವುದು ದೊಡ್ಡದು. ಅದು ಎಲ್ಲರ ಕಣ್ಣಿಗೂ ಬೀಳುತ್ತದೆ. ಆದರೆ ನಮಗೆ ಕಾಯಿಲೆ ತರುವುದು ಹೆಚ್ಚಾಗಿ ಮೂರನೆಯ ಹಂತದ ಎಳೆಯ ಉಣುಗು. ಅದು ಸಾಸಿವೆ ಕಾಳಿನಷ್ಟು, ಕೆಲವು ಸಲ ಅದಕ್ಕಿಂತಲೂ ಚಿಕ್ಕದು. ಕಚ್ಚಿದರೆ ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ಅದಕ್ಕೇ "ನಂಗೆ ಯಾವ ಉಣುಗೂ ಕಚ್ಚಿಲ್ಲ" ಅಂತ ಹೇಳುವವರಿಗೂ ಜ್ವರ ಬಂದುಬಿಡುತ್ತದೆ.

ಮಂಗನ ಕಾಯಿಲೆ ಗೊತ್ತಾದದ್ದು ಹೇಗೆ?

1957ರಲ್ಲಿ ನಮ್ಮ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಸುತ್ತಲಿನ ಹಳ್ಳಿಗಳ ಜನರಿಗೂ ವಿಪರೀತ ಜ್ವರ ಬಂದು ಸಾವುಗಳಾದವು. ಆಫ್ರಿಕಾ ಮತ್ತು ದಕ್ಷಿಣ ಅಮೆರಿಕದಲ್ಲಿರುವ ಹಳದಿ ಜ್ವರದಲ್ಲೂ ಮಂಗಗಳು ಸಾಯುವುದರಿಂದ ಅದೇ ಇಲ್ಲಿಗೂ ಬಂತೇನೋ ಎಂದು ವಿಜ್ಞಾನಿಗಳಿಗೆ ಮೊದಲು ಅನುಮಾನ ಬಂತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಪರೀಕ್ಷೆ ಮಾಡಿದಾಗ ಇದು ಉಣುಗಿನಿಂದ ಹರಡುವ ಹೊಸ ವೈರಸ್ ಎಂದು ತಿಳಿಯಿತು. ಹೀಗೆ ನಮ್ಮ ಜಿಲ್ಲೆಯ ಒಂದು ಕಾಡಿನ ಹೆಸರು ಪ್ರಪಂಚದ ವೈದ್ಯಕೀಯ ಪುಸ್ತಕಗಳಲ್ಲಿ ಸೇರಿತು: ಕ್ಯಾಸನೂರು ಅರಣ್ಯ ಕಾಯಿಲೆ. ನಾವು ಅದನ್ನೇ ಮಂಗನ ಕಾಯಿಲೆ ಎನ್ನುತ್ತೇವೆ.

ಕಾಯಿಲೆ ಸೊರಬದಲ್ಲೇ ನಿಲ್ಲಲಿಲ್ಲ. 1980ರ ದಶಕದ ಆರಂಭದಲ್ಲಿ ಬೆಳ್ತಂಗಡಿ ತಾಲ್ಲೂಕಿನಲ್ಲಿ ಕಾಡು ಕಡಿದ ಮೇಲೆ ದೊಡ್ಡದಾಗಿ ಹರಡಿತು. 2012ರಲ್ಲಿ ಬಂಡೀಪುರದ ಕಡೆ ಕಂಡಿತು. ಆಮೇಲೆ ಕೇರಳದ ವಯನಾಡು, ಗೋವಾ, ಮಹಾರಾಷ್ಟ್ರಗಳಲ್ಲೂ ಕಾಣಿಸಿತು. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಹಲವರು ಪ್ರಾಣ ಕಳೆದುಕೊಂಡರು.

ಮಂಗನದು ತಪ್ಪಲ್ಲ

ಹೆಸರು ಕೇಳಿ ಮಂಗನೇ ಕಾಯಿಲೆ ತರುತ್ತದೆ ಎಂದು ಕೆಲವರು ಕಲ್ಲು ಹೊಡೆಯುತ್ತಾರೆ. ಅದು ಸರಿಯಲ್ಲ. ನಮ್ಮ ಹಾಗೆ ಮಂಗವೂ ಉಣುಗಿನಿಂದ ಕಚ್ಚಿಸಿಕೊಂಡು ಕಾಯಿಲೆ ಬಿದ್ದದ್ದು. ಕರಿಮೂತಿಯ ಮುಸಿಯ ಮತ್ತು ಕೆಂಪು ಮಂಗ, ಎರಡಕ್ಕೂ ಈ ಕಾಯಿಲೆ ಬರುತ್ತದೆ. ಮಂಗ ಸತ್ತರೆ ಅದರ ಮೈಮೇಲಿದ್ದ ಉಣುಗುಗಳು ಕೆಳಗಿಳಿದು ಅಲ್ಲೇ ದರಗಿನಲ್ಲಿ ಸೇರುತ್ತವೆ. ಆದ್ದರಿಂದ ಮಂಗ ಸತ್ತ ಜಾಗ ಅಪಾಯದ ಜಾಗ.

ದನಗಳಿಗೆ ಈ ಕಾಯಿಲೆ ಕಾಣಿಸುವುದಿಲ್ಲ. ಆದರೆ ಕಾಡಿಗೆ ಮೇಯಲು ಹೋದ ದನದ ರಕ್ತ ಕುಡಿದು ದೊಡ್ಡ ಉಣುಗುಗಳು ಮೊಟ್ಟೆ ಇಡುತ್ತವೆ, ಸಂಖ್ಯೆ ಹೆಚ್ಚುತ್ತದೆ. ಒಬ್ಬ ರೋಗಿಯಿಂದ ಇನ್ನೊಬ್ಬರಿಗೆ ಈ ಕಾಯಿಲೆ ಅಂಟುವುದಿಲ್ಲ. ಹಾಗಾಗಿ ಕಾಯಿಲೆ ಬಂದವರ ಮನೆಗೆ ಹೋಗದೆ ಇರುವುದು, ಅವರ ಮಕ್ಕಳ ಪಕ್ಕ ಕೂರದೆ ಇರುವುದು ತಪ್ಪು.

ಲಕ್ಷಣಗಳು

ಉಣುಗು ಕಚ್ಚಿ 3ರಿಂದ 8 ದಿನಗಳಲ್ಲಿ ಇದ್ದಕ್ಕಿದ್ದಂತೆ ಚಳಿ, ಜೋರು ಜ್ವರ, ತಲೆನೋವು, ಮೈ ಕೈ ಸೊಂಟ ಮುರಿದಂತೆ ನೋವು ಬರುತ್ತದೆ. ವಾಂತಿ, ಭೇದಿ, ಕಣ್ಣು ಕೆಂಪಾಗುವುದು ಇರಬಹುದು. ಕೆಲವರಿಗೆ ಮೂಗು, ವಸಡುಗಳಲ್ಲಿ ರಕ್ತ ಬರುತ್ತದೆ. ಬಹಳ ಜನ ಒಂದೆರಡು ವಾರದಲ್ಲಿ ಗುಣವಾಗುತ್ತಾರೆ. ಆದರೆ ಕೆಲವರಿಗೆ ಜ್ವರ ಬಿಟ್ಟು ಒಂದೆರಡು ವಾರವಾದ ಮೇಲೆ ಮತ್ತೆ ಮರುಕಳಿಸಿ ತಲೆನೋವು, ಕೈ ನಡುಕ, ಕತ್ತು ಬಿಗಿಯುವುದು ಕಾಣಿಸುತ್ತದೆ. ಆದ್ದರಿಂದ ಜ್ವರ ಬಿಟ್ಟಿತು ಅಂತ ಮರುದಿನವೇ ಸೊಪ್ಪಿನ ಹೊರೆ ಹೊರಬಾರದು. ಕಾಯಿಲೆ ಬಂದ 100 ಜನರಲ್ಲಿ 3ರಿಂದ 5 ಜನ ಸಾಯುತ್ತಾರೆ.

ಈ ವೈರಸ್ಸನ್ನೇ ಕೊಲ್ಲುವ ಔಷಧಿ ಇಲ್ಲ. ಆಸ್ಪತ್ರೆಯಲ್ಲಿ ನೀರಿನಂಶ, ರಕ್ತದ ಒತ್ತಡ, ರಕ್ತಸ್ರಾವ ನೋಡಿಕೊಂಡು ಜೀವ ಉಳಿಸುತ್ತಾರೆ. 1990ರಿಂದ ಕೊಡುತ್ತಿದ್ದ ಲಸಿಕೆಯ ರಕ್ಷಣೆ ಸಾಲದೆಂದು ಕಂಡುಬಂದು ಅದನ್ನು 2022ರಲ್ಲಿ ನಿಲ್ಲಿಸಿದರು. ಹೊಸ ಲಸಿಕೆಗಾಗಿ ಕೆಲಸ ಆರಂಭವಾಗಿದೆ. ಅದಕ್ಕೇ ಕಚ್ಚಿಸಿಕೊಳ್ಳದಿರುವುದು, ಕಚ್ಚಿದರೆ ಸರಿಯಾಗಿ ತೆಗೆಯುವುದು, ಜ್ವರ ಬಂದರೆ ತಡಮಾಡದಿರುವುದು ಬಹಳ ಮುಖ್ಯ.

ಉಣುಗು ಕಚ್ಚಿದರೆ ಮಾಡಬೇಕಾದದ್ದು

1. ಗಾಬರಿಯಾಗಬೇಡಿ. ಎಲ್ಲ ಉಣುಗಿನಲ್ಲೂ ವೈರಸ್ ಇರುವುದಿಲ್ಲ. ಆದರೆ ನೋಡಿ ಗುರುತಿಸಲು ಆಗುವುದಿಲ್ಲ, ಆದ್ದರಿಂದ ಕೂಡಲೇ ತೆಗೆಯಿರಿ.

2. ಮುಳ್ಳು ಕೀಳುವ ಸಣ್ಣ ಮೊನೆಯ ಚಿಮಟದಿಂದ ಚರ್ಮಕ್ಕೆ ಆದಷ್ಟು ಹತ್ತಿರ, ಅಂದರೆ ಉಣುಗಿನ ಬಾಯಿಯ ಹತ್ತಿರ ಹಿಡಿಯಿರಿ. ಹೊಟ್ಟೆ ಹಿಡಿದು ಹಿಸುಕಬೇಡಿ.

3. ತಿರುಚದೆ, ಜಗ್ಗದೆ, ನಿಧಾನವಾಗಿ ನೇರ ಮೇಲಕ್ಕೆ ಎಳೆಯಿರಿ.

4. ಬಾಯಿಯ ಚೂರು ಒಳಗೇ ಉಳಿದು ಸುಲಭವಾಗಿ ಬರದಿದ್ದರೆ ಸೂಜಿಯಿಂದ ಕೆದಕಬೇಡಿ. ಗಾಯ ತಾನಾಗಿ ಮಾಯುತ್ತದೆ.

5. ಕಚ್ಚಿದ ಜಾಗವನ್ನೂ ಕೈಯನ್ನೂ ಸೋಪು ಹಾಕಿ ತೊಳೆಯಿರಿ.

6. ಉಣುಗನ್ನು ಉಗುರಿನಲ್ಲಿ ಕುಕ್ಕಬೇಡಿ. ಅಂಟುಪಟ್ಟಿಗೆ ಅಂಟಿಸಿ ಮಡಚಿ ಎಸೆಯಿರಿ.

7. ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಗುರುತು ಹಾಕಿ. ಜ್ವರ ಬಂದರೆ ಡಾಕ್ಟರಿಗೆ ಆ ತಾರೀಖು ಹೇಳಬೇಕು.

ಸುಣ್ಣ, ಸೀಮೆಎಣ್ಣೆ, ಬೀಡಿಯ ಬೆಂಕಿ ಯಾಕೆ ಬೇಡ? ಇಂಬಳ ಉಪ್ಪು ತಾಗಿದರೆ ಬಿಟ್ಟು ಬೀಳುತ್ತದೆ. ಉಣುಗು ಹಾಗಲ್ಲ, ಬಾಯಿಯನ್ನು ಚರ್ಮದೊಳಗೆ ಊರಿರುತ್ತದೆ. ಉರಿ ಕೊಟ್ಟರೆ ಅದು ಬಿಡುವ ಬದಲು ತನ್ನ ಎಂಜಲನ್ನೇ ನಮ್ಮ ಮೈಯೊಳಗೆ ಕಕ್ಕಬಹುದು. ವೈರಸ್ ಇರುವುದು ಆ ಎಂಜಲಿನಲ್ಲೇ.

ಕಚ್ಚದ ಹಾಗೆ ನೋಡಿಕೊಳ್ಳುವುದು

ಕಾಯಿಲೆಯ ಕಾಲ ಸುಮಾರು ನವೆಂಬರಿನಿಂದ ಮೇ ತನಕ. ಸೊಪ್ಪಿನಬೆಟ್ಟಕ್ಕೆ, ಸೌದೆಗೆ, ದರಗು ಗುಡಿಸಲಿಕ್ಕೆ ನಾವು ಹೋಗುವುದೂ ಅದೇ ಕಾಲದಲ್ಲಿ. ಹೋಗಬೇಡಿ ಅಂದರೆ ಕೊಟ್ಟಿಗೆಗೆ ಏನು ಹಾಸುವುದು, ಒಲೆಗೆ ಏನು ಹಾಕುವುದು? ಹೋಗುವಾಗ ಜಾಗ್ರತೆ ಮಾಡೋಣ.

ಉದ್ದ ತೋಳಿನ ಅಂಗಿ, ಕಾಲು ಮುಚ್ಚುವ ಬಟ್ಟೆ ಹಾಕಿಕೊಳ್ಳಬೇಕು. ಆಶಾ ಕಾರ್ಯಕರ್ತೆಯರು ಕೊಡುವ ಡೆಪಾ ತೈಲವನ್ನು ಕೈಕಾಲಿಗೆ ಸವರಿಕೊಳ್ಳಬೇಕು. ಅದು ಕಪಾಟಿನಲ್ಲಿದ್ದರೆ ಪ್ರಯೋಜನವಿಲ್ಲ. ದರಗಿನ ಮೇಲೆ ಕೂರುವುದು, ಮಲಗುವುದು ಬೇಡ. ಮನೆಗೆ ಬಂದ ಕೂಡಲೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಬಿಸಿನೀರಿನ ಸ್ನಾನ ಮಾಡಬೇಕು. ಆಗ ಕಿವಿಯ ಹಿಂದೆ, ಕಂಕುಳು, ಸೊಂಟದ ದಾರದ ಸುತ್ತ, ತೊಡೆಸಂದು, ಮಂಡಿಯ ಹಿಂಭಾಗ ನೋಡಿಕೊಳ್ಳಬೇಕು. ಚಿಕ್ಕ ತಮ್ಮ ತಂಗಿಯರನ್ನು ನಾವೇ ನೋಡಬೇಕು. ದನಕ್ಕೆ ಉಣುಗು ಹೆಚ್ಚಾದರೆ ಪಶುವೈದ್ಯರನ್ನು ಕೇಳಿ ಔಷಧಿ ಹಾಕಿಸಬೇಕು.

ಸತ್ತ ಮಂಗ ಕಂಡರೆ ಮುಟ್ಟಬೇಡಿ, ಕೋಲಿನಿಂದಲೂ ತಿವಿಯಬೇಡಿ. ಆರೋಗ್ಯ ಇಲಾಖೆಯವರಿಗೋ ಅರಣ್ಯ ಇಲಾಖೆಯವರಿಗೋ ಪಂಚಾಯಿತಿಗೋ ತಿಳಿಸಿ. ಅವರು ಬಂದು ಪರೀಕ್ಷೆ ಮಾಡಿ, ಸುತ್ತ ಉಣುಗು ಸಾಯುವ ಪುಡಿ ಹಾಕುತ್ತಾರೆ. ಆ ಜಾಗದಿಂದ ಸೊಪ್ಪು, ದರಗು ತರಬಾರದು.

ಜ್ವರ ಬಂದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ "ಕಾಡಿಗೆ ಹೋಗಿದ್ದೆ" ಎಂದು ಮೊದಲೇ ಹೇಳಬೇಕು. ಡೆಂಗಿಯೋ, ಇಲಿಜ್ವರವೋ, ಮಂಗನ ಕಾಯಿಲೆಯೋ ಎಂಬುದು ರಕ್ತ ಪರೀಕ್ಷೆಯಿಂದಲೇ ತಿಳಿಯುವುದು. ಅಂಗಡಿಯಿಂದ ಆಸ್ಪಿರಿನ್‌ನಂಥ ನೋವಿನ ಮಾತ್ರೆ ತಂದು ನುಂಗಬಾರದು, ರಕ್ತಸ್ರಾವ ಹೆಚ್ಚಾಗಬಹುದು.

"ಇಷ್ಟು ವರ್ಷ ಕಾಡಿಗೆ ಹೋಗ್ತಿದೀವಿ, ನಮಗೇನಾಗಿದೆ?" ಅಂತ ದೊಡ್ಡವರು ಕೇಳಬಹುದು. ಅವರ ಹತ್ತಿರ ವಾದ ಬೇಡ. ಸಂಜೆ ಅವರು ಬಂದಾಗ ಹಂಡೆಯಲ್ಲಿ ಬಿಸಿನೀರು ಕಾಯಿಸಿಟ್ಟು, ಬೆನ್ನು ನೋಡಿಕೊಡೋಣ. ಬೆನ್ನು ಯಾರಿಗೂ ತಾನೇ ಕಾಣುವುದಿಲ್ಲ ತಾನೆ?

ಗುರುಗಳಲ್ಲಿ ನನ್ನದೊಂದು ವಿನಂತಿ: ಶಾಲೆಯ ಪ್ರಥಮ ಚಿಕಿತ್ಸೆ ಪೆಟ್ಟಿಗೆಯಲ್ಲಿ ಒಂದು ಚಿಮಟ ಇಡಿಸಬೇಕು.

ಓದಿದ ಮೇಲೆ ಉತ್ತರಿಸಿ:

1. ಉಣುಗಿಗೂ ಕೀಟಕ್ಕೂ ಇರುವ ವ್ಯತ್ಯಾಸವೇನು?
2. ಉಣುಗನ್ನು ತೆಗೆಯುವಾಗ ಎಲ್ಲಿ ಹಿಡಿಯಬೇಕು?
3. ನಿಮ್ಮ ಮನೆಯ ಡೆಪಾ ತೈಲದ ಬಾಟಲಿ ಈಗ ಎಲ್ಲಿದೆ?

ಮೂರನೆಯ ಪ್ರಶ್ನೆಗೆ ಉತ್ತರ ಈ ಗೋಡೆಯ ಮೇಲೆ ಇಲ್ಲ. ಮನೆಗೆ ಹೋಗಿ ಹುಡುಕಿರಿ.