ಭವಿಷ್ಯದ ರಸ್ತೆಗೆ ಭೂಮಿ ಕಾಯ್ದಿರಿಸುವಿಕೆ

ಅರ್ಥ: ಮುಂದೆ ಬರುವ ರಸ್ತೆಯ ಜಾಡನ್ನು ಮೊದಲೇ ಗುರುತಿಸಿ, ಅಲ್ಲಿ ಕಟ್ಟಡಗಳು ಏಳದಂತೆ ನೋಡಿಕೊಳ್ಳುವುದು.

ನಿದರ್ಶನ: ಸೂರತ್–ಚೆನ್ನೈ ಆರ್ಥಿಕ ಕಾರಿಡಾರ್. ಇದು ಅಕ್ಕಲಕೋಟೆ ತಾಲ್ಲೂಕನ್ನು ಹಾದು ಕರ್ನಾಟಕ ಪ್ರವೇಶಿಸುವ ಹೆದ್ದಾರಿ ಯೋಜನೆ.

ರಾಷ್ಟ್ರೀಯ ಹೆದ್ದಾರಿ ಕಾಯ್ದೆ, 1956ರಲ್ಲಿ ಭೂಸ್ವಾಧೀನದ ಕಲಂಗಳು:
• 3ಎ: ಸ್ವಾಧೀನದ ಉದ್ದೇಶ ಪ್ರಕಟಣೆ
• 3ಸಿ: 21 ದಿನದೊಳಗೆ ಆಕ್ಷೇಪಣೆ
• 3ಡಿ: ಸ್ವಾಧೀನದ ಘೋಷಣೆ; ಭೂಮಿ ಕೇಂದ್ರ ಸರ್ಕಾರಕ್ಕೆ
• 3ಜಿ: ಪರಿಹಾರ ನಿಗದಿ

ನೆನಪಿಡಿ: 3ಎ ಪ್ರಕಟಣೆಯಾದ 1 ವರ್ಷದೊಳಗೆ 3ಡಿ ಘೋಷಣೆ ಬಾರದಿದ್ದರೆ 3ಎ ಅನೂರ್ಜಿತ. ನ್ಯಾಯಾಲಯದ ತಡೆಯಾಜ್ಞೆಯ ಅವಧಿ ಇದರಲ್ಲಿ ಸೇರದು.

ಹೋಲಿಕೆ: ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961ರ ಕಲಂ 69ರಲ್ಲಿ ಕಾಯ್ದಿರಿಸಿದ ಭೂಮಿಯ ಸ್ವಾಧೀನಕ್ಕೆ ಮಿತಿ 5 ವರ್ಷ.

ಮಹತ್ವ: ಮೊದಲೇ ಕಾಯ್ದಿರಿಸಿದರೆ ಮನೆಗಳನ್ನು ಕೆಡವುವ ಪ್ರಸಂಗ ಕಡಿಮೆ. ಕಾಲಮಿತಿ ಇದ್ದರೆ ಮಾತ್ರ ರೈತನಿಗೆ ನ್ಯಾಯ.