ಆಗಸ್ಟಿನ ಗೆಲುವಿಗೆ ಎಷ್ಟು ಬೆಲೆ?

ಅಂತೂರ ಬೆಂತೂರದ ಕಡೆ ಫುಟ್ಬಾಲ್ ಅಂದರೆ ಕಾಲಿನ ಆಟಕ್ಕಿಂತ ಮೊಬೈಲಿನ ಆಟ. ಮೈದಾನಕ್ಕೆ ಇಳಿದರೆ ಕಬಡ್ಡಿ, ಖೋ ಖೋ, ವಾಲಿಬಾಲ್. ಸಂಜೆ ಗುಡಿ ಕಟ್ಟೆಗೆ ಕೂತರೆ ಬೆಂಗಳೂರು ಎಫ್‌ಸಿ. ಈ ಭಾಗದ ಹೈಸ್ಕೂಲುಗಳಲ್ಲಿ ಪಿ.ಟಿ. ಮಾಸ್ತರನಾಗಿ ಸೀಟಿ ಊದುತ್ತ ತಲೆ ಹಣ್ಣಾದವನು ನಾನು. ಆಗಸ್ಟ್ ಬಂತೆಂದರೆ ಹಳೆಯ ವಿದ್ಯಾರ್ಥಿಗಳು ಹಾದಿಯಲ್ಲಿ ನಿಲ್ಲಿಸಿ ಕೇಳುತ್ತಾರೆ: "ಸರ್ರ, ಡುರಾಂಡ್‌ನಾಗ ನಮ್ಮವ್ರು ಹೊಡದಾರ. ಈ ಸಲ ಐಎಸ್‌ಎಲ್ ನಮ್ದ, ಹೌದಲ್ರಿ?" ಹೌದು ಅಂದರೂ ಸುಳ್ಳು, ಅಲ್ಲ ಅಂದರೂ ಸುಳ್ಳು. ಶಾಲೆಯ ತಂಡಗಳನ್ನು ಪ್ರಾಕ್ಟೀಸ್ ಮ್ಯಾಚಿಗೆ ಇಳಿಸಿ ಕಲಿತದ್ದನ್ನೂ ಬೆಂಗಳೂರಿನವರ ಆಟ ನೋಡಿ ತಿಳಿದದ್ದನ್ನೂ ಸೇರಿಸಿ ಆ ಹುಡುಗರಿಗಾಗಿ ಬರೆದದ್ದು ಇದು.

1. ಅಂಕ ನೋಡುವ ಮೊದಲು ಯಾರು ಆಡಿದರು ನೋಡಿ

ಡುರಾಂಡ್ ಕಪ್ 1888ರಲ್ಲಿ ಶುರುವಾದದ್ದು, ಏಷ್ಯಾದಲ್ಲೇ ಅತಿ ಹಳೆಯ ಫುಟ್ಬಾಲ್ ಟೂರ್ನಿ. ಅದರ ಗೌರವ ಅದಕ್ಕೆ ಇದ್ದೇ ಇದೆ. ಆದರೆ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಕ್ಲಬ್ಬುಗಳ ಲೆಕ್ಕದಲ್ಲಿ ಅದು ಲೀಗಿಗೆ ಮುಂಚಿನ ತಾಲೀಮು. ಒಂದು ವರ್ಷ ಪೂರ್ಣ ತಂಡ ಬರುತ್ತದೆ, ಇನ್ನೊಂದು ವರ್ಷ ಹುಡುಗರ ತಂಡ. 2021ರಲ್ಲಿ ಬೆಂಗಳೂರು ಹೆಚ್ಚಾಗಿ ಎಳೆಯರನ್ನೇ ಕಳಿಸಿತ್ತು. ಸೆಮಿಫೈನಲ್‌ನಲ್ಲಿ ಗೋವಾ ಎದುರು 2-2 ಆಗಿ ಪೆನಾಲ್ಟಿಯಲ್ಲಿ ಸೋತಿತು. 2022ರಲ್ಲಿ ಸುನಿಲ್ ಚೆಟ್ರಿ, ರಾಯ್ ಕೃಷ್ಣ, ಗುರುಪ್ರೀತ್ ಸಿಂಗ್ ಸಂಧು ಎಲ್ಲರೂ ಇದ್ದರು, ಕಪ್ ಬಂತು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ತೂಕ ತಪ್ಪುತ್ತದೆ.

ನಮ್ಮ ಶಾಲೆಗಳಲ್ಲಿ ಇದು ಇನ್ನೂ ನಿಚ್ಚಳ. ಜುಲೈನಲ್ಲಿ ಕಬಡ್ಡಿ ಪ್ರಾಕ್ಟೀಸ್ ಇಟ್ಟರೆ ಹನ್ನೆರಡು ಹುಡುಗರೂ ಹಾಜರ್. ಆಗಸ್ಟ್ ಹೊತ್ತಿಗೆ ಎರೆ ಹೊಲದಲ್ಲಿ ಹೆಸರುಕಾಯಿ ಬಿಡಿಸುವ ಸುಗ್ಗಿ. ಮಳೆ ಹಿಡಿದರೆ ಕಾಯಿ ಕೊಳೆಯುತ್ತದೆಂದು ಮನೆಮಂದಿಯೆಲ್ಲ ಹೊಲಕ್ಕೆ. ವಲಯ ಮಟ್ಟದ ಪಂದ್ಯ ಬರುವುದೂ ಸರಿಯಾಗಿ ಅದೇ ಹೊತ್ತಿಗೆ. ಜುಲೈನಲ್ಲಿ ಹತ್ತು ಅಂಕದಿಂದ ಗೆದ್ದ ತಂಡದ ಇಬ್ಬರು ಒಳ್ಳೆಯ ಡಿಫೆಂಡರುಗಳು ಆ ದಿನ ಅವ್ವನ ಜೊತೆ ಚೀಲ ತುಂಬುತ್ತಿರುತ್ತಾರೆ. ಜುಲೈ ಅಂಕಗಳನ್ನು ತೋರಿಸಿ ನಾನು ಯಾರಿಗೆ ಏನು ಹೇಳಲಿ?

2. ಒಂದೇ ವರ್ಷದಲ್ಲಿ ಮೂರು ಬೆಂಗಳೂರು

ಈ ವಿಷಯಕ್ಕೆ 2022-23ರ ಬೆಂಗಳೂರಿಗಿಂತ ಒಳ್ಳೆಯ ಪಾಠ ಇನ್ನೊಂದಿಲ್ಲ. ಅದಕ್ಕೇ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

2022ರ ಸೆಪ್ಟೆಂಬರ್ 18. ಕೋಲ್ಕತ್ತದ ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ ಡುರಾಂಡ್ ಫೈನಲ್, ಎದುರಾಳಿ ಮುಂಬೈ ಸಿಟಿ. ಶಿವಶಕ್ತಿ ನಾರಾಯಣನ್ ಮೊದಲ ಗೋಲು, ಅಪುಯಾ ಸಮ ಮಾಡಿದರು, ಅಲನ್ ಕೋಸ್ಟಾ ತಲೆಯಿಂದ ಹೊಡೆದು 2-1. ಹೊಸ ಕೋಚ್ ಸೈಮನ್ ಗ್ರೇಸನ್, ಹೊಸ ಆಟಗಾರರು, ಕೈಯಲ್ಲಿ ಕಪ್ಪು. ಕಂಠೀರವದ ವೆಸ್ಟ್ ಬ್ಲಾಕ್‌ನಿಂದ ನಮ್ಮ ಗುಡಿ ಕಟ್ಟೆಯವರೆಗೆ ಒಂದೇ ಮಾತು: ಈ ಸಲ ಲೀಗ್ ನಮ್ಮದು. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿದಾಗಿತ್ತು.

ಅಕ್ಟೋಬರ್ 8ರಂದು ಮೊದಲ ಪಂದ್ಯ, ನಾರ್ತ್ ಈಸ್ಟ್ ಎದುರು 1-0 ಗೆಲುವು. ಮುಂದಿನದು ಡ್ರಾ. ಆಮೇಲೆ ಸಾಲಾಗಿ ನಾಲ್ಕು ಸೋಲು: ಹೈದರಾಬಾದ್, ಒಡಿಶಾ, ಈಸ್ಟ್ ಬೆಂಗಾಲ್, ಕೊನೆಗೆ ನವೆಂಬರ್‌ನಲ್ಲಿ ಮುಂಬೈ. ಎರಡು ತಿಂಗಳ ಹಿಂದೆ ಫೈನಲ್‌ನಲ್ಲಿ ಮಣಿಸಿದ ಅದೇ ಮುಂಬೈ ಈ ಸಲ 4-0 ಹೊಡೆಯಿತು. ಡಿಸೆಂಬರ್ ಮುಗಿಯುವ ಹೊತ್ತಿಗೆ ಪ್ಲೇಆಫ್ ಮಾತೆತ್ತಿದರೆ ನಗುವ ಸ್ಥಿತಿ. ಡುರಾಂಡ್ ಕಪ್ಪನ್ನು ಹೊಗಳಿದವರೇ "ಅದು ಯಾವ ಕಪ್ಪು ಬಿಡ್ರಿ" ಅನ್ನತೊಡಗಿದರು.

ಜನವರಿಯಿಂದ ಅದೇ ತಂಡ ಲೀಗಿನ ಕೊನೆಯ ಎಂಟೂ ಪಂದ್ಯ ಗೆದ್ದಿತು. ಅದರಲ್ಲಿ ಒಂದು, ಆ ಸೀಸನ್ನಿನಲ್ಲಿ ಅದುವರೆಗೆ 18 ಪಂದ್ಯ ಸೋಲದೆ ಬಂದಿದ್ದ ಮುಂಬೈ ಎದುರು. ನಾಲ್ಕನೆಯ ಸ್ಥಾನ, ಸೆಮಿಫೈನಲ್‌ನಲ್ಲಿ ಮತ್ತೆ ಮುಂಬೈ, ಪೆನಾಲ್ಟಿಯಲ್ಲಿ 9-8. ಮಾರ್ಚ್ 18ರಂದು ಗೋವಾದಲ್ಲಿ ಫೈನಲ್, ಮೋಹನ್ ಬಾಗಾನ್ ಎದುರು 2-2 ಆಗಿ ಪೆನಾಲ್ಟಿಯಲ್ಲಿ ಸೋಲು.

ಈಗ ಹೇಳಿ, ಸೆಪ್ಟೆಂಬರಿನ ಕಪ್ಪು ಏನು ಸೂಚಿಸಿತ್ತು? ನವೆಂಬರನ್ನೋ, ಫೆಬ್ರವರಿಯನ್ನೋ? ನನ್ನ ಮಟ್ಟಿಗೆ ಎರಡನ್ನೂ ಅಲ್ಲ. ತಂಡದಲ್ಲಿ ಸರಕಿದೆ ಅನ್ನುವಷ್ಟನ್ನು ಅದು ತೋರಿಸಿತ್ತು, ಅಷ್ಟೇ. ಸರಕು ಯಾವಾಗ ಕೈಗೆ ಬರುತ್ತದೆ, ಆ ಹೊತ್ತಿಗೆ ಪಾಯಿಂಟ್ಸ್ ಪಟ್ಟಿಯಲ್ಲಿ ಎಷ್ಟು ಕೆಳಗೆ ಜಾರಿರುತ್ತೇವೆ ಅನ್ನುವುದನ್ನು ಯಾವ ಟ್ರೋಫಿಯೂ ಹೇಳುವುದಿಲ್ಲ.

3. ಕೋಚ್ ಗೆಲ್ಲಲು ಆಡಿಸುತ್ತಿದ್ದಾನೋ, ನೋಡಲು ಆಡಿಸುತ್ತಿದ್ದಾನೋ?

ನನ್ನ ಕೈಯಲ್ಲಿ ಒಬ್ಬ ಒಳ್ಳೆಯ ರೈಡರ್ ಇದ್ದರೆ ಪ್ರಾಕ್ಟೀಸ್ ಮ್ಯಾಚಿನಲ್ಲಿ ಅವನಿಗೆ ರೈಡ್ ಬಿಡುವುದಿಲ್ಲ. ಎಡ ಮೂಲೆಗೆ ನಿಲ್ಲಿಸುತ್ತೇನೆ. ಎದುರಾಳಿ ಬೋನಸ್ಸಿಗೆ ಕಾಲು ಚಾಚಿದಾಗ ಹಿಮ್ಮಡಿ ಹಿಡಿಯುವುದನ್ನು ಅವನು ಕಲಿಯಬೇಕು, ಅವನಿಲ್ಲದೆ ಅಂಕ ತರುವುದನ್ನು ಉಳಿದವರು ಕಲಿಯಬೇಕು. ಸಹಜವಾಗಿ ಸೋಲುತ್ತೇವೆ. ಒಮ್ಮೆ ಪಕ್ಕದೂರಿನ ಶಾಲೆಯೊಂದಿಗೆ ಹಾಗೆ ಆಡಿಸುತ್ತಿದ್ದಾಗ ಹುಡುಗನ ದೊಡ್ಡಪ್ಪ ಗೆರೆ ದಾಟಿ ಒಳಗೇ ಬಂದುಬಿಟ್ಟರು. ಹೆಗಲ ಮೇಲಿನ ಟವೆಲ್ ಕೈಗೆ ಬಂದಿತ್ತು.

"ಏನ್ರಿ ಮಾಸ್ತರ, ನಮ್ಮ ಹುಡುಗನ್ನ ಮೂಲ್ಯಾಗ ನಿಲ್ಲಿಸಿ ಆಟ ಕಳಕೊಳ್ಳಾಕತ್ತೀರಲ್ಲ?"

"ಕಾಕಾ, ಇವತ್ತಿನ ಅಂಕ ಯಾರೂ ಬರಕೊಳ್ಳಂಗಿಲ್ರಿ. ತಾಲೂಕಿನ್ಯಾಗ ಬರಕೋತಾರ."

ಅವರಿಗೆ ಸಮಾಧಾನ ಆಗಲಿಲ್ಲ. ಆಗುವ ಮಾತೂ ಅಲ್ಲ. ನೋಡುವವನಿಗೆ ಕಾಣುವುದು ಅಂಕ, ಆಡಿಸುವವನಿಗೆ ಬೇಕಾದದ್ದು ಬೇರೆ.

ಫುಟ್ಬಾಲ್ ಕೋಚುಗಳೂ ಇದನ್ನೇ ದೊಡ್ಡ ಪ್ರಮಾಣದಲ್ಲಿ ಮಾಡುತ್ತಾರೆ. ಲೀಗಿಗೆ ಮುಂಚಿನ ವಾರಗಳಲ್ಲಿ ಬೆಳಿಗ್ಗೆ ಓಟ, ಸಂಜೆ ಪಂದ್ಯ. ಆಟಗಾರರ ಕಾಲು ಭಾರವಾಗಿರುತ್ತದೆ, ಬೇಕೆಂದೇ ಹಾಗೆ ದುಡಿಸಿರುತ್ತಾರೆ. ಮೊದಲರ್ಧಕ್ಕೆ ಒಂದು ಹನ್ನೊಂದು, ಎರಡನೆಯದಕ್ಕೆ ಇನ್ನೊಂದು ಹನ್ನೊಂದು ಇಳಿಸುವುದೂ ಉಂಟು. ಲೀಗಿನಲ್ಲಿ ಬದಲಿಸಲು ಬಿಡುವುದು ಐವರನ್ನು ಮಾತ್ರ. 70ನೇ ನಿಮಿಷದಲ್ಲಿ ಎದುರಾಳಿಯ ಮೀಸಲು ಹುಡುಗರ ಮೇಲೆ ಹೊಡೆದ ಗೋಲು ಅಭಿಮಾನಿಯ ಮೊಬೈಲಿನಲ್ಲಿ ಹತ್ತು ಸಲ ಓಡುತ್ತದೆ. ಕೋಚಿನ ನೋಟ್‌ಬುಕ್ಕಿನಲ್ಲಿ ಅದಕ್ಕೆ ಒಂದು ಸಾಲೂ ಸಿಗಲಿಕ್ಕಿಲ್ಲ.

4. ಗೋಲು ಕಡಿಮೆಯ ಆಟದಲ್ಲಿ ಅದೃಷ್ಟದ ಪಾಲು ಜಾಸ್ತಿ

ಕಬಡ್ಡಿಯಲ್ಲಿ ನಲವತ್ತು ನಿಮಿಷಕ್ಕೆ ಎರಡೂ ಕಡೆ ಸೇರಿ ಅರವತ್ತು ಎಪ್ಪತ್ತು ಅಂಕ ಬರುತ್ತವೆ. ಒಂದು ರೈಡ್ ಕೆಟ್ಟರೆ ಮುಂದಿನದರಲ್ಲಿ ತುಂಬಿಕೊಳ್ಳಬಹುದು, ಗಟ್ಟಿ ತಂಡ ಸಾಮಾನ್ಯವಾಗಿ ಗೆದ್ದೇ ಗೆಲ್ಲುತ್ತದೆ. ಫುಟ್ಬಾಲಿನಲ್ಲಿ ತೊಂಬತ್ತು ನಿಮಿಷಕ್ಕೆ ಎರಡೋ ಮೂರೋ ಗೋಲು. ಚೆಂಡು ಒಬ್ಬನ ಮೊಣಕಾಲಿಗೆ ತಗುಲಿ ತಿರುಗಿದರೆ ಫಲಿತಾಂಶವೇ ತಿರುಗಿತು. ಇಂಥ ಆಟದಲ್ಲಿ ನಾಲ್ಕೈದು ಪಂದ್ಯ ನೋಡಿ ಇಡೀ ವರ್ಷಕ್ಕೆ ತೀರ್ಪು ಕೊಡುವುದು, ಅದೂ ಅರ್ಧ ಮನಸ್ಸಿನಲ್ಲಿ ಆಡಿದ ಪಂದ್ಯಗಳನ್ನು ನೋಡಿ, ದುಡುಕು. ಕಬಡ್ಡಿ ನೋಡಿ ಬೆಳೆದ ನಮ್ಮ ಹುಡುಗರು ಈ ವ್ಯತ್ಯಾಸವನ್ನು ಒಪ್ಪುವುದೇ ಇಲ್ಲ.

5. ದೊಡ್ಡವರಿಗೂ ಇದೇ ಗತಿ

ಇದು ನಮ್ಮ ದೇಶದ ತೊಂದರೆ ಎಂದುಕೊಂಡವರಿಗೆ ಹೊರಗಿನ ಮೂರು ಕಥೆ ಸಾಕು.

2014ರ ಬೇಸಿಗೆಯಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಲೂಯಿ ವಾನ್ ಗಾಲ್ ಹೊಸ ಕೋಚ್. ಅಮೆರಿಕ ಪ್ರವಾಸದಲ್ಲಿ ಲಾಸ್ ಏಂಜಲೀಸ್ ಗ್ಯಾಲಕ್ಸಿ ಮೇಲೆ 7-0, ರಿಯಲ್ ಮ್ಯಾಡ್ರಿಡ್ ಮೇಲೆ 3-1, ಲಿವರ್‌ಪೂಲ್ ಮೇಲೆ 3-1. ರಿಯಲ್ ಎದುರಿನ ಪಂದ್ಯಕ್ಕೆ ಮಿಷಿಗನ್‌ನಲ್ಲಿ ಸೇರಿದವರು ಒಂದು ಲಕ್ಷಕ್ಕೂ ಹೆಚ್ಚು ಜನ. ತಿರುಗಿ ಊರಿಗೆ ಬಂದು ಲೀಗಿನ ಮೊದಲ ಪಂದ್ಯ, ಸ್ವಂತ ಮೈದಾನದಲ್ಲೇ ಸ್ವಾನ್ಸಿ ಎದುರು 1-2 ಸೋಲು. ಹತ್ತು ದಿನಕ್ಕೆ ಮೂರನೆಯ ದರ್ಜೆಯ ಎಂಕೆ ಡಾನ್ಸ್ ಎದುರು ಲೀಗ್ ಕಪ್‌ನಲ್ಲಿ 0-4.

2019ರಲ್ಲಿ ಲಿವರ್‌ಪೂಲ್ ಇದಕ್ಕೆ ತದ್ವಿರುದ್ಧ. ಡಾರ್ಟ್‌ಮಂಡ್ ಎದುರು ಸೋಲು, ಸೆವಿಯ್ಯಾ ಎದುರು ಸೋಲು, ನಾಪೋಲಿ ಎದುರು 0-3. ಅಭಿಮಾನಿಗಳು ತಲೆ ಮೇಲೆ ಕೈ ಹೊತ್ತರು. ಆ ತಂಡವೇ 99 ಪಾಯಿಂಟ್ಸ್ ಎತ್ತಿ ಮೂವತ್ತು ವರ್ಷಗಳ ಮೇಲೆ ಲೀಗ್ ಗೆದ್ದಿತು. ಹಾಗಾಗಿ ಆಗಸ್ಟಿನ ಸೋಲು ನೋಡಿ ಎದೆ ಒಡೆದುಕೊಳ್ಳುವವರಿಗೂ ನನ್ನ ಬುದ್ಧಿಮಾತು ಇದೇ.

ಅಮೆರಿಕದವರು ಫುಟ್ಬಾಲ್ ಅನ್ನುವ ಅವರದೇ ಆಟದಲ್ಲಿ 2008ರ ಡೆಟ್ರಾಯಿಟ್ ಲಯನ್ಸ್ ಇದೆ. ಲೀಗಿಗೆ ಮುಂಚಿನ ನಾಲ್ಕಕ್ಕೆ ನಾಲ್ಕೂ ಗೆಲುವು, ಲೀಗಿನ ಹದಿನಾರಕ್ಕೆ ಹದಿನಾರೂ ಸೋಲು. ಯಾರಾದರೂ ಹುಟ್ಟಿಸಿ ಹೇಳಿದ್ದರೆ ನಂಬುತ್ತಿರಲಿಲ್ಲ.

6. ಟ್ರೋಫಿಯನ್ನಲ್ಲ, ಹುಡುಗನನ್ನು ನೋಡಿ

ಹಾಗಾದರೆ ಆ ಪಂದ್ಯಗಳನ್ನು ನೋಡುವುದೇ ದಂಡವೇ? ಅಲ್ಲ. ಫಲಿತಾಂಶ ಹುಸಿ ಹೋಗಬಹುದು, ಒಬ್ಬ ಆಟಗಾರನ ನಡೆ ಸುಲಭಕ್ಕೆ ಹುಸಿ ಹೋಗುವುದಿಲ್ಲ. ನಾನು ಮೇಲೆ ಹೇಳಿದ 2021ರ ಸೋತ ಸೆಮಿಫೈನಲ್‌ನಲ್ಲಿ ಬೆಂಗಳೂರಿನ ಪರ ಗೋಲು ಹೊಡೆದದ್ದು ಶಿವಶಕ್ತಿ, ಆಗ ಬಹುಪಾಲು ಜನ ಹೆಸರೂ ಕೇಳಿರದ ಹುಡುಗ. ಮುಂದಿನ ವರ್ಷ ಡುರಾಂಡ್ ಫೈನಲ್‌ನಲ್ಲೂ ಅವನೇ. ಜನವರಿಯ ನಂತರ ಸಾಲು ಗೆಲುವು ಬಂದಾಗ ರಾಯ್ ಕೃಷ್ಣ ಜೊತೆ ಮುಂದಿನ ಸಾಲಿನಲ್ಲಿ ಓಡಿದವನೂ ಅವನೇ. ಸೋತ ಪಂದ್ಯದಲ್ಲಿ ಆ ಹುಡುಗನನ್ನು ಗುರುತಿಸಿದವನೇ ನಿಜವಾದ ಪ್ರೇಕ್ಷಕ.

ನಾನು ಪ್ರಾಕ್ಟೀಸ್‌ನಲ್ಲಿ ನೋಡುವುದೂ ಅಂಥದ್ದನ್ನೇ. ಔಟಾಗಿ ಹೊರಗೆ ಕೂತವನ ಕಣ್ಣು ಆಟದ ಮೇಲಿದೆಯೋ, ಗೇಟಿನ ಕಡೆಗಿದೆಯೋ? ಜೊತೆಗಾರ ತಪ್ಪಿದಾಗ ಬೈಯುತ್ತಾನೋ, ಕೈ ಹಿಡಿದು ಎಬ್ಬಿಸುತ್ತಾನೋ? ಕೊನೆಯ ಐದು ನಿಮಿಷದಲ್ಲಿ ಚೈನು ಬಿಡುತ್ತಾರೋ, ಗಟ್ಟಿ ಹಿಡಿದಿರುತ್ತಾರೋ? ಸೆಪ್ಟೆಂಬರಿನ ಪಂದ್ಯಕ್ಕೆ ಇವು ಹಾಗೇ ದಾಟಿ ಬರುತ್ತವೆ, ಅಂಕಗಳು ಬರುವುದಿಲ್ಲ.

7. ಗೆದ್ದವರ ಪಟ್ಟಿ ಹಿಡಿದು ವಾದ ಬೇಡ

2021ರಲ್ಲಿ ಡುರಾಂಡ್ ಗೆದ್ದ ಗೋವಾ ಆ ಸೀಸನ್ನಿನ ಐಎಸ್‌ಎಲ್‌ನಲ್ಲಿ ಒಂಬತ್ತನೆಯದು. 2023ರಲ್ಲಿ ಫೈನಲ್ ಮುಟ್ಟಿದ ಈಸ್ಟ್ ಬೆಂಗಾಲ್ ಕೂಡ ಒಂಬತ್ತನೆಯದು. ಅದೇ 2023ರಲ್ಲಿ ಡುರಾಂಡ್ ಗೆದ್ದ ಮೋಹನ್ ಬಾಗಾನ್ ಲೀಗಿನಲ್ಲಿ ಅಗ್ರಸ್ಥಾನಕ್ಕೇರಿತು. ಯಾರಿಗೆ ಯಾವ ಉದಾಹರಣೆ ಬೇಕೋ ಸಿಗುತ್ತದೆ.

8. ಆಸೆಯ ಭಾರ ಹೊರುವವನು ಆಟಗಾರ

ಅಭಿಮಾನಿ ಆಸೆ ಪಡಬಾರದು ಎನ್ನುವವನಲ್ಲ ನಾನು. "ಈ ಸಲ ಕಪ್ ನಮ್ದೆ" ಎಂದು ವರ್ಷವೂ ಕೂಗಿ, ಹದಿನೆಂಟನೆಯ ಐಪಿಎಲ್‌ನಲ್ಲಿ, 2025ರ ಜೂನ್ 3ರಂದು, ಅದನ್ನು ಕಂಡ ನಾಡು ಇದು. ಕೂಗುವುದಕ್ಕೆ ಕಾಸಿಲ್ಲ. ಆದರೆ ತಾಲೀಮಿನ ಗೆಲುವು ತೋರಿಸಿ ಆಟಗಾರನಿಂದ ಬಾಕಿ ವಸೂಲಿಗೆ ನಿಂತಾಗ ಮಾತು ಬೇರೆಯಾಗುತ್ತದೆ.

ಒಂದು ವರ್ಷ ನಮ್ಮ ಹುಡುಗರು ಪ್ರಾಕ್ಟೀಸ್‌ನಲ್ಲಿ ಯಾರಿಗೂ ಸೋತಿರಲಿಲ್ಲ. ಅಂಕಗಳನ್ನು ನಾನು ನೋಟಿಸ್ ಬೋರ್ಡಿಗೆ ಏರಿಸುವವನಲ್ಲ, ಆದರೂ ಚಹಾದಂಗಡಿಗೆ ಅದು ಹೇಗೋ ಮುಟ್ಟಿತ್ತು. ತಾಲೂಕು ಪಂದ್ಯಕ್ಕೆ ಎರಡು ಟ್ರ್ಯಾಕ್ಟರ್ ತುಂಬ ಜನ ಬಂದರು, ಹಲಗೆ ಸಮೇತ. ಒಂಬತ್ತನೆಯ ಇಯತ್ತೆಯ ನಮ್ಮ ರೈಡರ್ ಅಂಗೈಗೆ ಮಣ್ಣು ತಿಕ್ಕಿಕೊಳ್ಳುತ್ತಲೇ ನಿಂತಿದ್ದ, ಕೈ ಕೆಂಪಾಗುವವರೆಗೆ. ಮೊದಲ ರೈಡಿಗೆ ಹೋದವನು ಬಾಕ್ ಲೈನ್ ಮುಟ್ಟದೆ ತಿರುಗಿ ಬಂದುಬಿಟ್ಟ. ಅಂಪೈರ್ ಔಟ್ ಕೊಟ್ಟರು. ಪ್ರಾಕ್ಟೀಸ್‌ನಲ್ಲಿ ಕಣ್ಣು ಮುಚ್ಚಿ ದಾಟುತ್ತಿದ್ದ ಗೆರೆ ಅದು. ಹಲಗೆ ನಿಂತಿತು, ಬೈಗಳು ಶುರುವಾದವು. ಹದಿನಾಲ್ಕರ ಹುಡುಗನಿಗೆ ಊರಿನ ಹಿರಿಯರು ಬೈದದ್ದನ್ನು ಇಲ್ಲಿ ಬರೆಯಲಾರೆ. 2022ರ ನವೆಂಬರ್‌ನಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳು ಮೊಬೈಲ್ ಹಿಡಿದು ಬೆಂಗಳೂರಿನ ಆಟಗಾರರಿಗೆ ಅದೇ ಧಾಟಿಯಲ್ಲಿ ಬೈಯುತ್ತಿದ್ದಾಗ, ಅವರಲ್ಲಿ ಒಬ್ಬನನ್ನು ಕರೆದು ಆ ದಿನ ನೆನಪಿಸಿದೆ. ಅವನೂ ಆ ತಂಡದಲ್ಲಿ ಕವರ್ ಆಡಿದವನು. ಮೊಬೈಲ್ ಕಿಸೆಗಿಟ್ಟ.

9. ಕೆಲವು ವರ್ಷ ಪ್ರಶ್ನೆಯೇ ಬೇರೆ

2013ರಲ್ಲಿ ಬೆಂಗಳೂರು ಎಫ್‌ಸಿ ಹುಟ್ಟಿದಾಗ ಹೋಲಿಸಿ ನೋಡಲು ಹಿಂದಿನ ಸೀಸನ್ನೇ ಇರಲಿಲ್ಲ. ಆ್ಯಶ್ಲಿ ವೆಸ್ಟ್‌ವುಡ್ ಕಟ್ಟಿದ ತಂಡ ಮೊದಲ ವರ್ಷವೇ ಐ-ಲೀಗ್ ಗೆದ್ದಿತು. 2025ರಲ್ಲಿ ಉಲ್ಟಾ: ಫುಟ್ಬಾಲ್ ಫೆಡರೇಶನ್ ಮತ್ತು ಲೀಗ್ ನಡೆಸುವ ಕಂಪನಿಯ ನಡುವಿನ ಒಪ್ಪಂದದ ಗೊಂದಲದಿಂದ ಐಎಸ್‌ಎಲ್ ಎಂದಿನ ಹೊತ್ತಿಗೆ ಶುರುವಾಗಲೇ ಇಲ್ಲ. ಆ ಆಗಸ್ಟಿನಲ್ಲಿ ಹುಡುಗರು ಕಪ್ಪಿನ ಸುದ್ದಿ ಎತ್ತಲಿಲ್ಲ. "ಸರ್ರ, ಈ ವರ್ಷ ಆಟ ಐತೋ ಇಲ್ಲೋ?" ಎಂದು ಕೇಳಿದರು. ಚೆಂಡು ತಗೊಂಡು ಶಾಲೆಯ ಮೈದಾನಕ್ಕೆ ಬನ್ನಿ ಎಂದೆ. ನಾಲ್ವರು ಬಂದರು, ಕಬಡ್ಡಿ ಆಡಿ ಹೋದರು.