ಅವ್ವ ಅತ್ತಳು, ತಮ್ಮ ‘ನಾಟಕ’ ಅಂದ: ಇಬ್ಬರಲ್ಲಿ ಯಾರು ಸರಿ?

ಪ್ರಶ್ನೆ: 2021ರ ಜುಲೈನಲ್ಲಿ ಮುಖ್ಯಮಂತ್ರಿ ಯಡಿಯೂರಪ್ಪನವರು ಗಂಟಲು ಕಟ್ಟಿ ರಾಜೀನಾಮೆಯ ಮಾತು ಹೇಳಿದ್ದನ್ನು ಮನೆಮಂದಿಯೆಲ್ಲ ಟಿವಿಯಲ್ಲಿ ನೋಡಿದೆವು. ನಮ್ಮವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಆಕೆ ಅವರ ಪಕ್ಷಕ್ಕೆ ಒಂದು ಸಲವೂ ಓಟು ಹಾಕಿದವಳಲ್ಲ. ತಮ್ಮ ‘ಇದೆಲ್ಲ ನಾಟಕ’ ಅಂತ ಎದ್ದು ಹೋದ. ಊರ ಕಟ್ಟೆಯ ಮೇಲೂ ಇದೇ ವಾದ. ನಾಯಕರು ಅತ್ತು ಕುರ್ಚಿ ಬಿಟ್ಟಾಗ ಜನ ಹೀಗೆ ಎರಡಾಗುವುದೇಕೆ? ಯಾರು ಸರಿ?
– ಓದುಗರೊಬ್ಬರು, ರೂಪನಗುಡಿ, ಬಳ್ಳಾರಿ ತಾಲ್ಲೂಕು

ಉತ್ತರ: ಮೊದಲು ನಿಮ್ಮ ಅವ್ವನ ಪರವಾಗಿ ಮಾತಾಡುತ್ತೇನೆ. ಇಂಥ ಹೊತ್ತಿನಲ್ಲಿ ಅತ್ತವರನ್ನು ‘ಮುಗ್ಧರು’ ಎಂದು ತಳ್ಳಿಹಾಕುವವರೇ ಹೆಚ್ಚು. ಆಕೆಯ ಕಣ್ಣೀರಿಗೆ ಕಾರಣ ಇತ್ತು.

ಅಂದು ಜುಲೈ 26. ಸರ್ಕಾರಕ್ಕೆ ಎರಡು ವರ್ಷ ತುಂಬಿದ ದಿನ. ವಿಧಾನಸೌಧದ ಬ್ಯಾಂಕ್ವೆಟ್ ಹಾಲ್‌ನಲ್ಲಿ ಸಾಧನೆಯ ಸಮಾರಂಭ. ಮಾತಿಗೆ ನಿಂತ 78ರ ಹಿರಿಯರು, ವಾಜಪೇಯಿ ಕೇಂದ್ರದಲ್ಲಿ ಮಂತ್ರಿಯಾಗು ಎಂದು ಕರೆದಾಗ ಕರ್ನಾಟಕ ಬಿಟ್ಟು ಬರಲಾರೆ ಎಂದಿದ್ದನ್ನು ನೆನೆದರು. 2019ರ ನೆರೆಯಲ್ಲಿ ಸಂಪುಟವೇ ಇಲ್ಲದೆ ಒಬ್ಬರೇ ತಿರುಗಿದ್ದನ್ನು, ಕೊರೊನಾದ ದಿನಗಳನ್ನು ಹೇಳಿಕೊಂಡರು. ಊಟದ ನಂತರ ರಾಜಭವನಕ್ಕೆ ಹೋಗುತ್ತೇನೆ ಎನ್ನುವಾಗ ದನಿ ಒಡೆಯಿತು. ನಾಲ್ಕು ಸಲ ಮುಖ್ಯಮಂತ್ರಿಯಾಗಿ ಒಮ್ಮೆಯೂ ಪೂರ್ತಿ ಅವಧಿ ಕಾಣದವರು ಅವರು. 2007ರಲ್ಲಿ ಏಳು ದಿನ, 2018ರಲ್ಲಿ ಎರಡು ದಿನ ಚಿಲ್ಲರೆ. ಮನೆಯ ಯಜಮಾನಿಕೆಯನ್ನು ಮಕ್ಕಳ ಕೈಗಿಟ್ಟು ಪಡಸಾಲೆಯ ಮೂಲೆಗೆ ಸರಿದ ಹಿರಿಯರನ್ನು ನಿಮ್ಮ ಅವ್ವ ತನ್ನ ಆಯುಸ್ಸಿನಲ್ಲಿ ಎಷ್ಟು ಜನರನ್ನು ಕಂಡಿರುತ್ತಾಳೋ! ಆಕೆ ಆ ದಿನ ಅತ್ತದ್ದು ಅಂಥ ಒಬ್ಬ ಹಿರಿಯನಿಗಾಗಿ. ಆ ಅಳುವಿಗೆ ಪಕ್ಷ ಇರುವುದಿಲ್ಲ.

ಇನ್ನು ‘ನಾಟಕ’ ಎಂಬ ಮಾತು. ಬಳ್ಳಾರಿ ಸೀಮೆಯವರು ಈ ಪದವನ್ನು ಹಗುರಾಗಿ ಬಳಸಬಾರದು. ಬಳ್ಳಾರಿ ರಾಘವರಂಥ ನಟರನ್ನು, ಸುಭದ್ರಮ್ಮ ಮನ್ಸೂರರಂಥ ಕಲಾವಿದೆಯನ್ನು ಬೆಳೆಸಿದ ನೆಲ ನಿಮ್ಮದು. ಬಯಲಾಟದಲ್ಲಿ ಚಂದ್ರಮತಿ ಮಗನ ಹೆಣದ ಮುಂದೆ ಕೂತಾಗ, ಪಾತ್ರ ಕಟ್ಟಿದವನು ಪಕ್ಕದ ಕೇರಿಯವನೇ ಎಂದು ಗೊತ್ತಿದ್ದೂ ಜನ ಅಳುತ್ತಾರೆ. ಬೆಳಗಾದ ಮೇಲೆ ಅದೇ ಜನ ಅವನ ಹತ್ತಿರ ಸಾಲದ ಬಾಕಿ ಕೇಳುವುದನ್ನೂ ಮರೆಯುವುದಿಲ್ಲ. ಅತ್ತವರು ಮೋಸ ಹೋದರು ಎಂದುಕೊಳ್ಳುವುದು ತಪ್ಪು. ಬಾಕಿ ಕೇಳಿದರಾ ಎಂಬುದನ್ನು ನೋಡಬೇಕು.

ನಿಮ್ಮ ತಮ್ಮನ ಅನುಮಾನಕ್ಕೂ ಬೇರಿದೆ, ಆ ಬೇರು ನಿಮ್ಮ ಜಿಲ್ಲೆಯಲ್ಲೇ ಇದೆ. 2009ರ ನವೆಂಬರ್‌ನಲ್ಲಿ ಬಳ್ಳಾರಿಯ ರೆಡ್ಡಿ ಸಹೋದರರು ಬಂಡೆದ್ದಾಗ ಯಡಿಯೂರಪ್ಪನವರು ಟಿವಿ ಸಂದರ್ಶನದಲ್ಲಿ ಅತ್ತಿದ್ದರು. ಕುರ್ಚಿ ಉಳಿಯಿತು, ಸಂಪುಟದಿಂದ ಶೋಭಾ ಕರಂದ್ಲಾಜೆ ಹೊರಹೋಗಬೇಕಾಯಿತು. 2018ರ ಮೇ 19ರಂದು ಬಹುಮತ ಪರೀಕ್ಷೆಗೆ ಮೊದಲೇ ವಿಧಾನಸಭೆಯಲ್ಲಿ ಭಾವುಕರಾಗಿ ಮಾತಾಡಿ ರಾಜೀನಾಮೆ ಕೊಟ್ಟರು. ಅದೇ ವರ್ಷ ಜುಲೈನಲ್ಲಿ ಮುಖ್ಯಮಂತ್ರಿ ಕುಮಾರಸ್ವಾಮಿ ತಮ್ಮ ಪಕ್ಷದ ಸನ್ಮಾನ ಸಭೆಯಲ್ಲೇ ಕಣ್ಣೀರಿಟ್ಟು ವಿಷಕಂಠನಾಗಿದ್ದೇನೆ ಎಂದರು. ಇಷ್ಟೆಲ್ಲ ನೋಡಿ ಬೆಳೆದ ಹುಡುಗನಿಗೆ ಕಣ್ಣೀರು ಎಂದರೆ ಅನುಮಾನ ಬರುವುದು ಸಹಜ.

ಇದು ಕರ್ನಾಟಕದಲ್ಲಷ್ಟೇ ನಡೆಯುವುದಲ್ಲ. 2019ರ ಮೇ 24ರಂದು ಬ್ರಿಟನ್ನಿನ ಪ್ರಧಾನಿ ತೆರೇಸಾ ಮೇ ರಾಜೀನಾಮೆ ಘೋಷಿಸುವಾಗ ಕೊನೆಯ ವಾಕ್ಯಕ್ಕೆ ದನಿ ನಡುಗಿತು. ಅನೇಕರು ಮರುಗಿದರು. ಇನ್ನು ಕೆಲವರು, 2017ರಲ್ಲಿ ಲಂಡನ್ನಿನ ಗ್ರೆನ್‌ಫೆಲ್ ಟವರ್‌ಗೆ ಬೆಂಕಿ ಬಿದ್ದು 72 ಜನ ಸತ್ತಾಗ ಈ ಕಣ್ಣೀರು ಎಲ್ಲಿತ್ತು ಎಂದು ಕೇಳಿದರು. ಆ ಪ್ರಶ್ನೆ ನಿಷ್ಠುರವಾದರೂ ನ್ಯಾಯದ್ದು. ನಾಯಕ ಯಾವಾಗ ಅತ್ತ ಎನ್ನುವುದನ್ನಷ್ಟೇ ಜನ ನೆನಪಿಡುವುದಿಲ್ಲ, ಯಾವಾಗ ಅಳಲಿಲ್ಲ ಎನ್ನುವುದನ್ನೂ ನೆನಪಿಡುತ್ತಾರೆ.

ಈಗ ನಿಮ್ಮ ನೆಲದ ಕಥೆಗೆ ಬರೋಣ. ಬಳ್ಳಾರಿಯ ಅದಿರಿನಿಂದ ಹದಿನೈದು ತಿಂಗಳೊಳಗೆ ಮೂರು ರಾಜೀನಾಮೆಗಳು ಹುಟ್ಟಿದವು. ಮೂರಕ್ಕೂ ಜನ ಸ್ಪಂದಿಸಿದ ರೀತಿ ಬೇರೆಬೇರೆ.

ಮೊದಲನೆಯದು 2010ರ ಜೂನ್ 23ರಂದು ಲೋಕಾಯುಕ್ತ ಸಂತೋಷ್ ಹೆಗ್ಡೆ ಕೊಟ್ಟಿದ್ದು. ಬೇಲೆಕೇರಿ ಬಂದರಿನಲ್ಲಿ ಜಪ್ತಿ ಮಾಡಿಟ್ಟಿದ್ದ ಸುಮಾರು 5 ಲಕ್ಷ ಟನ್ ಅದಿರು ಮಾಯವಾಗಿತ್ತು. ಜಪ್ತಿ ಮಾಡಿದ ಅರಣ್ಯಾಧಿಕಾರಿಯನ್ನೇ ಅಮಾನತು ಮಾಡಲು ಸರ್ಕಾರ ಹೊರಟಿತು. ಪ್ರಾಮಾಣಿಕನನ್ನು ಕಾಪಾಡಲಾಗದ ಹುದ್ದೆ ತನಗೆ ಬೇಡ ಎಂದು ಅವರು ಹೊರಟು ನಿಂತರು. ಆಗ ರಾಜ್ಯದ ಉದ್ದಗಲಕ್ಕೂ ಎದ್ದ ಕೂಗು ಒಂದೇ: ನೀವು ಹೋಗಬೇಡಿ, ಕೆಲಸ ಮುಗಿಸಿ. ಎಲ್.ಕೆ. ಅಡ್ವಾಣಿಯವರೂ ಮನವಿ ಮಾಡಿದರು. ಜುಲೈ 3ರಂದು ಹೆಗ್ಡೆ ರಾಜೀನಾಮೆ ಹಿಂಪಡೆದರು. ಮುಂದಿನ ವರ್ಷ ಜುಲೈ 27ರಂದು ಅಕ್ರಮ ಗಣಿಗಾರಿಕೆಯ ವರದಿ ಹೊರಬಿತ್ತು.

ಎರಡನೆಯದು ಆ ವರದಿಯ ಫಲ. ಅದರಲ್ಲಿ ಹೆಸರು ಬಂದ ಮುಖ್ಯಮಂತ್ರಿ ಯಡಿಯೂರಪ್ಪ ಆಷಾಢ ಕಳೆಯಲಿ ಎಂದು ಕಾದು ಜುಲೈ 31ರಂದು ಕೆಳಗಿಳಿದರು. ಬೆಂಬಲಿಗರು ಅನ್ಯಾಯ ಎಂದರು, ಗಣಿ ಧೂಳು ತಿಂದವರು ತಡವಾಯಿತು ಎಂದರು. ವರದಿಯ ನಂತರ ತಮ್ಮ ಮೇಲೆ ಹೂಡಿದ ಪ್ರಕರಣದಲ್ಲಿ 2016ರಲ್ಲಿ ಅವರು ಸಿಬಿಐ ವಿಶೇಷ ನ್ಯಾಯಾಲಯದಲ್ಲಿ ಖುಲಾಸೆಯಾದರು ಎಂಬುದನ್ನೂ ಹೇಳಬೇಕು. ಆ ದಿನ ಕಟ್ಟೆಯ ಮೇಲೆ ತೀರ್ಪು ಕೊಟ್ಟವರೆಲ್ಲ ನೆನಪಿಡಬೇಕಾದ ಮಾತಿದು.

ಮೂರನೆಯದು ನಿಮ್ಮದೇ ಬಳ್ಳಾರಿ ಗ್ರಾಮಾಂತರ ಕ್ಷೇತ್ರದ್ದು. ವರದಿಯಲ್ಲಿ ಹೆಸರು ಬಂತು, ಹೊಸ ಮುಖ್ಯಮಂತ್ರಿ ಸದಾನಂದ ಗೌಡರ ಸಂಪುಟದಲ್ಲಿ ಜಾಗ ಸಿಗಲಿಲ್ಲ. ಆ ನೋವಿನಲ್ಲಿ ಬಿ. ಶ್ರೀರಾಮುಲು 2011ರ ಸೆಪ್ಟೆಂಬರ್‌ನಲ್ಲಿ ಶಾಸಕ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು. ‘ಸ್ವಾಭಿಮಾನ’ ಎಂಬ ಪದ ಹಳ್ಳಿಹಳ್ಳಿಗೂ ಹೋಯಿತು. ನವೆಂಬರ್ 30ರ ಉಪಚುನಾವಣೆಯಲ್ಲಿ ಪಕ್ಷೇತರರಾಗಿ ನಿಂತು 46 ಸಾವಿರಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದರು. ರಾಜ್ಯ ಆಳುತ್ತಿದ್ದ ಬಿಜೆಪಿಯ ಅಭ್ಯರ್ಥಿ ಠೇವಣಿ ಕಳೆದುಕೊಂಡರು. ನೊಂದವನ ಬೆನ್ನಿಗೆ ಜನ ನಿಂತ ಪರಿ ಇದು.

ಮುಂದೆ ಏನಾಯಿತು ನೋಡಿ. 2013ರಲ್ಲಿ ಸ್ವಂತ ಪಕ್ಷದಿಂದ ಗೆದ್ದ ಅವರನ್ನು 2014ರಲ್ಲಿ ಜನ ಬಿಜೆಪಿಯಿಂದ ಲೋಕಸಭೆಗೂ ಕಳಿಸಿದರು. ವಿಧಾನಸಭೆಯ ಸ್ಥಾನ ಮತ್ತೆ ಖಾಲಿ. ಅದೇ ಆಗಸ್ಟ್‌ನ ಉಪಚುನಾವಣೆಯಲ್ಲಿ ಬಿಜೆಪಿ ಅಭ್ಯರ್ಥಿ ಸೋತರು, ಕಾಂಗ್ರೆಸ್ಸಿನ ಎನ್.ವೈ. ಗೋಪಾಲಕೃಷ್ಣ ಗೆದ್ದರು. 2018ರಲ್ಲಿ ಶ್ರೀರಾಮುಲು ಲೋಕಸಭೆ ಬಿಟ್ಟು ಮೊಳಕಾಲ್ಮೂರಿನ ಶಾಸಕರಾದಾಗ ಉಪಚುನಾವಣೆಗೆ ನಿಂತ ತಂಗಿ ಜೆ. ಶಾಂತಾ ಅವರನ್ನು ವಿ.ಎಸ್. ಉಗ್ರಪ್ಪ 2.43 ಲಕ್ಷ ಮತಗಳಿಂದ ಸೋಲಿಸಿದರು. 2023ರಲ್ಲಿ ಶ್ರೀರಾಮುಲು ಗ್ರಾಮಾಂತರಕ್ಕೆ ಮರಳಿದಾಗ ಬಿ. ನಾಗೇಂದ್ರ ಎದುರು 29 ಸಾವಿರಕ್ಕೂ ಹೆಚ್ಚು ಮತಗಳಿಂದ ಅವರೇ ಸೋತರು. ಆ ನಾಗೇಂದ್ರ ಮಂತ್ರಿಯಾಗಿ, ವಾಲ್ಮೀಕಿ ನಿಗಮದ ಹಣದ ಹಗರಣದ ಆರೋಪಗಳ ನಡುವೆ 2024ರ ಜೂನ್ 6ರಂದು ರಾಜೀನಾಮೆ ಕೊಟ್ಟದ್ದನ್ನೂ ನೀವು ಕಂಡಿದ್ದೀರಿ.

ಈ ಫಲಿತಾಂಶಗಳನ್ನು ಒಟ್ಟಿಗಿಟ್ಟು ನೋಡಿದಾಗ ನನಗೆ ತಿಳಿದದ್ದಿಷ್ಟು: ನಿಮ್ಮ ಜನ ಒಬ್ಬ ಮನುಷ್ಯನ ನೋವಿಗೆ ಮತ ಕೊಟ್ಟರು. ಆ ಅನುಕಂಪವನ್ನು ಆತ ತೋರಿಸಿದವರಿಗೆಲ್ಲ ವರ್ಗಾಯಿಸಲು ಒಪ್ಪಲಿಲ್ಲ. ಕಾಲ ಬಂದಾಗ ಅದನ್ನು ಹಿಂದಕ್ಕೂ ತೆಗೆದುಕೊಂಡರು. ಬಳ್ಳಾರಿ ಗ್ರಾಮಾಂತರದ ಜನ ಕುರುಡರಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಆದರೆ ಇದರಲ್ಲಿ ನನ್ನನ್ನು ಕಾಡುವ ಲೆಕ್ಕವೊಂದಿದೆ. 2011ರ ನವೆಂಬರ್‌ನಿಂದ 2014ರ ಆಗಸ್ಟ್‌ವರೆಗೆ, ಮೂರು ವರ್ಷ ತುಂಬುವ ಮೊದಲೇ, ಆ ಕ್ಷೇತ್ರದವರು ವಿಧಾನಸಭೆ, ಲೋಕಸಭೆ ಸೇರಿ ನಾಲ್ಕು ಸಲ ಬೆರಳಿಗೆ ಶಾಯಿ ಹಾಕಿಸಿಕೊಂಡರು. ಪ್ರತಿ ಸಲವೂ ನೀತಿ ಸಂಹಿತೆ, ಪ್ರತಿ ಸಲವೂ ಹೊಸ ಕಾಮಗಾರಿಗೆ ತಡೆ. ಸ್ಥಾನ ಖಾಲಿಯಾದರೆ ಆರು ತಿಂಗಳೊಳಗೆ ಚುನಾವಣೆ ನಡೆಸಬೇಕು ಎನ್ನುತ್ತದೆ ಕಾನೂನು. ಅಷ್ಟು ದಿನ ಕಾಲುವೆ ನೀರಿಗಾಗಿ, ಬಸ್ಸಿಗಾಗಿ, ಆಸ್ಪತ್ರೆಯ ವೈದ್ಯರಿಗಾಗಿ ಸದನದಲ್ಲಿ ದನಿ ಎತ್ತುವವರಿಲ್ಲ. ನಾಯಕರ ನೋವಿನ ಬಡ್ಡಿ ಕಟ್ಟುವವರು ಮತದಾರರು. ಆ ಮಾತು ಟಿವಿಯಲ್ಲಿ ಬರುವುದಿಲ್ಲ.

ನೋವು ಮಿತಿ ಮೀರಿದಾಗ ಆಗುವ ಹಾನಿ ಇನ್ನೂ ದೊಡ್ಡದು. 2021ರಲ್ಲಿ ಯಡಿಯೂರಪ್ಪನವರ ರಾಜೀನಾಮೆಯ ಸುದ್ದಿಗೆ ಅವರ ಕ್ಷೇತ್ರ ಶಿಕಾರಿಪುರದಲ್ಲಿ ಅಂಗಡಿಗಳು ಬಾಗಿಲು ಹಾಕಿದವು. ಅದು ಒಂದು ದಿನದ ವ್ಯಾಪಾರದ ಮಾತು. ಆದರೆ ಚಾಮರಾಜನಗರ ಜಿಲ್ಲೆಯಲ್ಲಿ ಅಭಿಮಾನಿಯೊಬ್ಬರು ಪ್ರಾಣವನ್ನೇ ಕಳೆದುಕೊಂಡರು. ನಿರ್ಗಮಿಸಿದ ಮುಖ್ಯಮಂತ್ರಿ ಆ ಮನೆಗೆ ಹೋಗಿ ಸಾಂತ್ವನ ಹೇಳಬೇಕಾಯಿತು. ಕುರ್ಚಿಗೆ ಎರಡೇ ದಿನದಲ್ಲಿ ಬಸವರಾಜ ಬೊಮ್ಮಾಯಿ ಬಂದರು. ಆ ಮನೆಯಲ್ಲಿ ಖಾಲಿಯಾದ ಜಾಗಕ್ಕೆ ಯಾರೂ ಬರುವುದಿಲ್ಲ. ನಿಮ್ಮ ಊರಿನಲ್ಲಿ ಯಾರಾದರೂ ನಾಯಕನಿಗಾಗಿ ಅಷ್ಟು ಕುಗ್ಗಿದ್ದು ಕಂಡರೆ ಒಂಟಿಯಾಗಿ ಬಿಡಬೇಡಿ, ಪಕ್ಕದಲ್ಲಿ ಕೂತು ಮಾತಾಡಿಸಿ.

ಕಣ್ಣೀರು ನಿಜವೋ ಸುಳ್ಳೋ ತಿಳಿಯುವುದು ಹೇಗೆ ಎಂದು ನೀವು ಕೇಳಬಹುದು. ಶಾಸಕರ ರಾಜೀನಾಮೆ ಸ್ವಇಚ್ಛೆಯದೇ, ನಿಜವಾದುದೇ ಎಂದು ಸಭಾಧ್ಯಕ್ಷರು ಮನಗಾಣಬೇಕೆಂದು ಸಂವಿಧಾನದ 190ನೇ ವಿಧಿ ಹೇಳುತ್ತದೆ. ಅವರೂ ಕಾಗದವನ್ನು, ಸಂದರ್ಭವನ್ನು ಪರೀಕ್ಷಿಸಬಲ್ಲರೇ ಹೊರತು ಎದೆಯೊಳಗೆ ಇಳಿಯಲಾರರು. ನಾವೂ ಅಷ್ಟೇ. ನಾವು ಕೇಳಬಹುದಾದ ಪ್ರಶ್ನೆಗಳು ಬೇರೆ: ಇವರು ಬಿಟ್ಟದ್ದು ಯಾರಿಗಾಗಿ? ಬಿಟ್ಟ ಮೇಲೆ ನಮ್ಮ ಕೆಲಸ ಯಾರ ಕೈಗೆ ಬಂತು? ಅರ್ಧಕ್ಕೆ ನಿಂತದ್ದನ್ನು ಯಾರು ಮುಗಿಸುತ್ತಾರೆ? 2010ರಲ್ಲಿ ಜನ ಸಂತೋಷ್ ಹೆಗ್ಡೆಯವರಿಗೆ ‘ಮುಗಿಸಿ’ ಎಂದರಲ್ಲ, ನಾಡಿಗೆ ಆ ವರದಿ ಸಿಕ್ಕಿದ್ದು ಆ ಒಂದು ಮಾತಿನಿಂದ ಶುರುವಾಗಿ. ರಾಜೀನಾಮೆಗೆ ಜನ ಕೊಟ್ಟ ಪ್ರತಿಕ್ರಿಯೆಗಳಲ್ಲಿ ನನಗೆ ಎಲ್ಲಕ್ಕಿಂತ ಹೆಮ್ಮೆ ತರುವುದು ಅದು.

ಆದ್ದರಿಂದ ಇಬ್ಬರಲ್ಲಿ ಒಬ್ಬರನ್ನು ಆರಿಸಿ ಎಂದು ನನ್ನನ್ನು ಕೇಳಬೇಡಿ. ಮುಂದಿನ ಸಲ ಯಾರಾದರೂ ಮೈಕಿನ ಮುಂದೆ ಗದ್ಗದಿತರಾದಾಗ ಅವ್ವ ಅಳಲಿ. ಎದ್ದು ಹೊರಟ ತಮ್ಮನನ್ನು ಮಾತ್ರ ಕೈ ಹಿಡಿದು ಕೂರಿಸಿಕೊಳ್ಳಿ. ನಾಟಕ ಎಂದು ಎದ್ದು ಹೋದವನಿಗೆ ಬೆಳಗಿನ ಬಾಕಿ ಕೇಳುವ ಹಕ್ಕೂ ಹೋಗುತ್ತದೆ. ಕೊನೆಯವರೆಗೆ ಕೂತು ನೋಡಿದ ನಿಮ್ಮ ಅವ್ವನಿಗೆ ಆ ಹಕ್ಕು ಇದೆ. ಆಕೆ ಅದನ್ನು ಬಿಟ್ಟುಕೊಡದ ಹಾಗೆ ನೋಡಿಕೊಳ್ಳಿ.